ಪಾರ್ಕುಗಳ ಗುಣಮಟ್ಟ ಅಳೆಯುವ ನಮೂನೆ: 'ಇದೆ / ಇಲ್ಲ' ಪಟ್ಟಿ ಸಾಕೇ?

ನಕ್ಷೆಗಾರ:

ನಗರದ ಒಂದು ಭಾಗದ 24 ಪಾರ್ಕುಗಳ ಗುಣಮಟ್ಟ ಅಳೆಯುವ ಕೆಲಸ ಶುರುವಾಗಬೇಕಿದೆ. ಹೆಚ್ಚಿನವು ಅರ್ಧ ಎಕರೆ ಆಸುಪಾಸಿನವು, ಎರಡು ಮಾತ್ರ ಹತ್ತು ಎಕರೆಯವು. ಅಳೆಯುವವರು ಎಂಟು ಮಂದಿ ಸ್ವಯಂಸೇವಕರು. ತೋಟಗಾರಿಕೆ ಓದಿದವರೂ ಇಲ್ಲ, ಎಂಜಿನಿಯರುಗಳೂ ಇಲ್ಲ. ಈಗಿನ ನಮೂನೆಯಲ್ಲಿ 60 ಪ್ರಶ್ನೆ, ಎಲ್ಲಕ್ಕೂ ಉತ್ತರ 'ಇದೆ' ಅಥವಾ 'ಇಲ್ಲ'. 'ಇದೆ'ಗಳನ್ನೆಲ್ಲ ಕೂಡಿ ನೂರಕ್ಕೆ ಇಷ್ಟು ಎಂದು ಅಂಕಪಟ್ಟಿ ಮಾಡುವ ಯೋಚನೆ.

ತಿಳಿಯಬೇಕಾದ್ದು ಇಷ್ಟು: ಇದೆ/ಇಲ್ಲ ಸಾಕೇ? ಒಂದು ಪಾರ್ಕಿಗೆ ಎಷ್ಟು ಸಲ ಹೋಗಬೇಕು? ಉಪಗ್ರಹ ಚಿತ್ರದಲ್ಲೇ ಎಷ್ಟು ಕೆಲಸ ಮುಗಿಯುತ್ತದೆ? ಕೊನೆಗೆ ಪಾರ್ಕಿಗೆ ಒಂದೇ ಅಂಕ ಕೊಡುವುದು ಸರಿಯೇ?

ರಸಮಟ್ಟ:

ಇದೆ/ಇಲ್ಲ ಪಟ್ಟಿ ಆಸ್ತಿ ಲೆಕ್ಕಕ್ಕೆ ಸರಿಹೋಗುತ್ತದೆ. ಗುಣಮಟ್ಟ ಅದರಲ್ಲಿ ಕಾಣುವುದಿಲ್ಲ. ಶೌಚಾಲಯ 'ಇದೆ' ಎಂದು ಟಿಕ್ ಬೀಳುತ್ತದೆ, ಆದರೆ ಬಾಗಿಲಿಗೆ ಬೀಗ, ಬೀಗದ ಕೈ ಯಾರ ಹತ್ತಿರವೋ ಗೊತ್ತಿಲ್ಲ. ನೀರು, ಚಿಲಕ, ದೀಪ ಮೂರೂ ಸರಿಯಿರುವ ಶೌಚಾಲಯದ ಪಾರ್ಕಿಗೂ ಇದಕ್ಕೂ ನಿಮ್ಮ ನಮೂನೆ ಒಂದೇ ಅಂಕ ಕೊಡುತ್ತದೆ.

ಪ್ರತಿ ವಸ್ತುವಿಗೂ ಮೂರು ಕಾಲಂ ಇಡಿ: ಎಷ್ಟಿವೆ, ಸ್ಥಿತಿ ಹೇಗಿದೆ, ಹೋದ ಹೊತ್ತಿನಲ್ಲಿ ಬಳಸಲು ಬರುತ್ತಿತ್ತೇ. ಮೂರನೆಯದನ್ನು ಬಹಳಷ್ಟು ನಮೂನೆಗಳು ಕೇಳುವುದೇ ಇಲ್ಲ. ಕುಡಿಯುವ ನೀರಿನ ನಲ್ಲಿ ಹೊಚ್ಚಹೊಸದಾಗಿದ್ದು ನೀರೇ ಬಾರದಿದ್ದರೆ ಸ್ಥಿತಿ 3, ಬಳಕೆ 0. ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ತೊಂದರೆ ಎಲ್ಲಿದೆ ಎಂಬುದೇ ಮರೆಯಾಗುತ್ತದೆ.

ಸ್ಥಿತಿಗೆ 0ರಿಂದ 3ರವರೆಗೆ ಅಂಕ ಸಾಕು. 'ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟಿದೆ' ಎಂದಷ್ಟೇ ಬರೆದುಕೊಟ್ಟರೆ ಎಂಟು ಜನ ಎಂಟು ಥರ ಹಾಕುತ್ತಾರೆ. ಪ್ರತಿ ಅಂಕದ ಪಕ್ಕದಲ್ಲಿ ಕಣ್ಣಿಗೆ ಕಾಣುವ ಗುರುತು ಬರೆದಿರಬೇಕು. ಬೆಂಚಿಗೆ ಹೀಗೆ:

3: ಅಲುಗುವುದಿಲ್ಲ, ಹಲಗೆ ಅಥವಾ ಕಲ್ಲು ಪೂರ್ತಿಯಿದೆ, ಒರಗು ಗಟ್ಟಿಯಿದೆ.
2: ಬಣ್ಣ ಹೋಗಿದೆ ಅಥವಾ ಕೂದಲೆಳೆಯ ಬಿರುಕು, ಕೂರಲು ಅಡ್ಡಿಯಿಲ್ಲ.
1: ಒಂದು ಹಲಗೆ ಇಲ್ಲ, ಅಥವಾ ಅಲುಗುತ್ತದೆ, ಅಥವಾ ಕಾಲಿಡುವ ಜಾಗದಲ್ಲಿ ಕೆಸರು.
0: ಕೂರಲಾಗದು, ಅಥವಾ ಮೊಳೆ, ಮುರಿದ ಅಂಚು ಹೊರಗೆ ಚಾಚಿದೆ.

'ಅನ್ವಯಿಸುವುದಿಲ್ಲ' ಎಂಬ ಆಯ್ಕೆಯನ್ನು ಬೇರೆಯಾಗಿಯೇ ಕೊಡಿ. ಮೂರು ಗುಂಟೆ ಜಾಗದಲ್ಲಿ ಆಟದ ಮೈದಾನ ಇಲ್ಲವೆಂದು 0 ಹಾಕಬಾರದು. ಸ್ಪ್ರೆಡ್‌ಶೀಟಿನಲ್ಲಿ ಖಾಲಿ ಬಿಟ್ಟ ಕೋಶಗಳನ್ನು ಆಮೇಲೆ ಯಾರೋ 0 ಎಂದು ತುಂಬುತ್ತಾರೆ, ಸಣ್ಣ ಪಾರ್ಕುಗಳೆಲ್ಲ ಪಟ್ಟಿಯ ತಳಕ್ಕೆ ಇಳಿಯುತ್ತವೆ.

ಆ ಎರಡು ದೊಡ್ಡ ಪಾರ್ಕುಗಳನ್ನು ವಲಯಗಳಾಗಿ ಒಡೆದು ವಲಯಕ್ಕೊಂದು ನಮೂನೆ ತುಂಬಿಸಿ. ಮುಂಬಾಗಿಲಿನ ಹೂಪಾತಿ ನಳನಳಿಸುತ್ತಿರುತ್ತದೆ, ಹಿಂಗೋಡೆಯ ಬುಡದಲ್ಲಿ ಒಡೆದ ಕಟ್ಟಡದ ಮಣ್ಣು ಸುರಿದಿರುತ್ತಾರೆ.

ಎಣಿಕೆಪುಸ್ತಕ:

ಮೇಲಿನದು ವಸ್ತುಗಳ ಅಳತೆ. ಜನ ಪಾರ್ಕನ್ನು ಹೇಗೆ ಬಳಸುತ್ತಾರೆ ಎಂಬುದಕ್ಕೆ ಬೇರೆ ಅಳತೆ ಬೇಕು, ಬೇರೆ ಹಾಳೆಯೂ ಬೇಕು. 'ಸೋಪಾರ್ಕ್' ಎಂಬ ವಿಧಾನ 2006ರಲ್ಲಿ ಪ್ರಕಟವಾಯಿತು. ಮೆಕೆಂಜಿ, ಕೋಹೆನ್ ಮತ್ತು ಸಂಗಡಿಗರದ್ದು. ಕ್ರಮ ಸರಳ. ಪಾರ್ಕನ್ನು ಗುರಿ ಜಾಗಗಳಾಗಿ ಒಡೆದು ನಕ್ಷೆಯಲ್ಲಿ ಸಂಖ್ಯೆ ಹಾಕಿ. ಪ್ರತಿ ಜಾಗಕ್ಕೂ ನಿಂತು ನೋಡುವ ಒಂದು ಬಿಂದು ಗೊತ್ತುಮಾಡಿ. ಅಲ್ಲಿಂದ ಎಡದಿಂದ ಬಲಕ್ಕೆ ಒಂದೇ ಸಲ ಕಣ್ಣು ಹಾಯಿಸಿ ಎಣಿಸಿ. ಕಣ್ಣು ದಾಟಿಹೋದ ಕಡೆ ಆಮೇಲೆ ಬಂದು ಸೇರಿದವರು ಲೆಕ್ಕಕ್ಕಿಲ್ಲ. ಹೆಂಗಸರನ್ನು ಎಣಿಸಲು ಹೀಗೊಂದು ಸಲ, ಗಂಡಸರನ್ನು ಎಣಿಸಲು ಇನ್ನೊಂದು ಸಲ. ವಯಸ್ಸಿನಲ್ಲಿ ನಾಲ್ಕು ಗುಂಪು: ಮಕ್ಕಳು, ಹದಿಹರೆಯದವರು, ವಯಸ್ಕರು, ಹಿರಿಯರು. ಚಟುವಟಿಕೆಯಲ್ಲಿ ಮೂರು: ಕೂತ, ನಿಂತ ಅಥವಾ ಮಲಗಿದವರು; ನಡೆಯುತ್ತಿರುವವರು; ಅದಕ್ಕಿಂತ ಬಿರುಸಾಗಿ ಆಡುವವರು, ಓಡುವವರು. ಇದರ ಜೊತೆಗೆ ಆ ಜಾಗದ ಸ್ಥಿತಿ: ಒಳಗೆ ಹೋಗಲು ಆಗುತ್ತಿತ್ತೇ, ಬಳಸಲು ಬರುತ್ತಿತ್ತೇ, ಕತ್ತಲಿತ್ತೇ, ಖಾಲಿಯಿತ್ತೇ.

ಎಷ್ಟು ಸಲ ಎಂದರೆ, ದಿನಕ್ಕೆ 4 ಸಲದಂತೆ 4 ದಿನ ನೋಡಿದರೆ ವಾರದ ಚಿತ್ರ ಸಾಕಷ್ಟು ನಿಲ್ಲುತ್ತದೆ. ಏಳೂ ದಿನ ಬೇಕಿಲ್ಲ. ಆ ನಾಲ್ಕರಲ್ಲಿ ವಾರಾಂತ್ಯವೂ ಇರಲಿ. ನಿಮ್ಮ 24 ಪಾರ್ಕಿಗೆ 384 ಸುತ್ತು ಆಯಿತು, ಎಂಟು ಜನಕ್ಕೆ ಹಂಚಿದರೆ ತಲಾ 48. ಇಬ್ಬಿಬ್ಬರಾಗಿ ಹೋದರೆ ತಲಾ 96. ಆಗದಿದ್ದರೆ ಪಾರ್ಕುಗಳನ್ನು ಕಡಿಮೆ ಮಾಡಿ, ಸುತ್ತುಗಳನ್ನು ಕಡಿತ ಮಾಡಬೇಡಿ. ಬೆಳಿಗ್ಗೆ ಮಾತ್ರ ನೋಡಿದ ಪಾರ್ಕು ವಾಕಿಂಗ್ ಮಾಡುವ ವಯಸ್ಕರದ್ದು ಎಂದೇ ಕಾಣುತ್ತದೆ.

ಕೆಡುವುದು ಎಲ್ಲಿ? ನಡಿಗೆ ಹಾದಿಯಲ್ಲಿ. ಸುತ್ತು ಹೊಡೆಯುವವರು ಒಂದು ಜಾಗದಲ್ಲೂ ಸಿಗುತ್ತಾರೆ, ಮುಂದಿನ ಜಾಗದಲ್ಲೂ ಸಿಗುತ್ತಾರೆ. ಹಾದಿಗೆ ಅಡ್ಡಲಾಗಿ ಒಂದು ಕಾಲ್ಪನಿಕ ಗೆರೆ ಎಳೆದುಕೊಂಡು 10 ನಿಮಿಷ ಎರಡೂ ದಿಕ್ಕಿನಲ್ಲಿ ದಾಟಿದವರನ್ನು ಎಣಿಸಿ, ಆ ಅಂಕಿಯನ್ನು ಸುತ್ತಿನ ಎಣಿಕೆಗೆ ಕೂಡಬೇಡಿ. ಇನ್ನೊಂದು, ಯಾರೂ ಇಲ್ಲದ ಸುತ್ತನ್ನೂ 0 ಎಂದು ಬರೆಯಿರಿ. 'ಯಾರೂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ' ಎಂದು ಬಿಟ್ಟ ಹಾಳೆಗಳಿಂದಲೇ ಸರಾಸರಿ ಸುಳ್ಳಾಗಿ ಏರುವುದು. ಮಳೆ ಬಂದು ತಪ್ಪಿದ ಸುತ್ತನ್ನು ಇನ್ನೊಂದು ದಿನ ಅದೇ ಹೊತ್ತಿಗೆ ಮಾಡಿ. ವಾರದ ದಿನದ ಸುತ್ತನ್ನು ಭಾನುವಾರಕ್ಕೆ ಸರಿಸಬೇಡಿ.

ಒಳದಾರಿ:

ಜನ ತುಂಬಿದ್ದಾರೆ ಎಂದರೆ ಪಾರ್ಕು ಚೆನ್ನಾಗಿದೆ ಎಂದು ಓದಿಕೊಳ್ಳಬೇಡಿ. ಸುತ್ತ ಒಂದು ಕಿಲೋಮೀಟರಿನಲ್ಲಿ ಬೇರೆ ಪಾರ್ಕೇ ಇಲ್ಲದಿದ್ದರೆ ಎಂಥ ಕೆಟ್ಟ ಪಾರ್ಕೂ ತುಂಬುತ್ತದೆ. ಮನೆಗಳು ವಿರಳವಾಗಿರುವ ಕಡೆ ಒಳ್ಳೆಯದೂ ಖಾಲಿ ಇರುತ್ತದೆ.

ಎಣಿಕೆಪುಸ್ತಕ:

ಹೌದು. ಆದ್ದರಿಂದ ಒಟ್ಟು ತಲೆಯೆಣಿಕೆಯನ್ನು ಗುಣಮಟ್ಟದ ಅಂಕಕ್ಕೆ ಸೇರಿಸುವುದು ನನಗೂ ಒಪ್ಪಿಗೆಯಿಲ್ಲ. ಪಾಲು ನೋಡಿ: ಬಂದವರಲ್ಲಿ ಹೆಂಗಸರೆಷ್ಟು, ಹಿರಿಯರೆಷ್ಟು, ಹಾದುಹೋಗುವವರೆಷ್ಟು, ಕೂತು ಉಳಿಯುವವರೆಷ್ಟು. ಸಂಜೆ 5ಕ್ಕೆ ಅರ್ಧದಷ್ಟಿದ್ದ ಹೆಂಗಸರ ಪಾಲು 7ಕ್ಕೆ ಹತ್ತರಲ್ಲೊಂದಾದರೆ ದೀಪ, ಪೊದೆ, ಗೇಟು, ಅಲ್ಲಿ ಗುಂಪುಗೂಡುವವರು, ಇವನ್ನು ಆ ಹೊತ್ತಿಗೇ ಹೋಗಿ ನೋಡಬೇಕು. ಪಾಲು ಕಾರಣ ಹೇಳುವುದಿಲ್ಲ. ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ.

ಅಭಿಪ್ರಾಯ ಕೇಳುವುದಿದ್ದರೆ ಪಾರ್ಕಿನೊಳಗೆ ಮಾತ್ರ ಕೇಳಬೇಡಿ. ಒಳಗಿರುವವರು ಹೇಗೋ ಒಪ್ಪಿಕೊಂಡು ಬಂದವರು. ಬಾರದವರ ಕಾರಣ ಬೇಕೆಂದರೆ ಸುತ್ತಲಿನ 300ರಿಂದ 500 ಮೀಟರಿನ ಮನೆಗಳಲ್ಲಿ, ಅದೂ ಬೇರೆಬೇರೆ ಹೊತ್ತಿನಲ್ಲಿ ಕೇಳಬೇಕು. 'ಪಾರ್ಕು ಹೇಗಿದೆ?' ಎಂಬ ಪ್ರಶ್ನೆಗೆ 'ಚೆನ್ನಾಗಿದೆ' ಎಂಬುದೇ ಉತ್ತರ. 'ಹೋದ ವಾರ ಎಷ್ಟು ಸಲ ಹೋದಿರಿ, ಎಷ್ಟು ಹೊತ್ತಿಗೆ, ಯಾವ ಗೇಟಿನಿಂದ, ಯಾವ ಕಡೆಗೆ ಹೋಗುವುದಿಲ್ಲ' ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಮೇಲ್ನೋಟ:

ಉಪಗ್ರಹದ ಪ್ರಶ್ನೆಗೆ. ಅದರ ಚಿತ್ರದಿಂದ ಹಸಿರನ್ನು ಅಳೆಯುವ ಸೂಚ್ಯಂಕವಾದ ಎನ್‌ಡಿವಿಐ ಎಂದರೆ ಸಮೀಪದ ಅವಕೆಂಪು ಬೆಳಕಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದ ಅಂಕಿ. -1ರಿಂದ +1ರೊಳಗೆ ಇರುತ್ತದೆ. ಎಲೆ ಎಷ್ಟು ಹಸಿರಾಗಿದೆ, ಎಷ್ಟು ದಟ್ಟವಾಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ನೀರು ಕುಡಿಸಿ ಬೆಳೆಸಿದ ಹುಲ್ಲುಹಾಸಿಗೂ ಮರಗಳ ತೋಪಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬಹುದು. ನೆರಳು ಒಂದರಲ್ಲಿ ಮಾತ್ರ.

ಸಣ್ಣ ಪಾರ್ಕುಗಳಿಗೆ ಚೌಕದ, ಅಂದರೆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಆವರಿಸುವ ಜಾಗದ, ಗಾತ್ರವೇ ಅಡ್ಡಿ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚೌಕ 30 ಮೀಟರ್, ಅಂದರೆ 900 ಚದರ ಮೀಟರ್. ಅರ್ಧ ಎಕರೆ ಎಂದರೆ ಸುಮಾರು 2,020 ಚದರ ಮೀಟರ್, ಎರಡು ಚೌಕ ಚಿಲ್ಲರೆ. ಸೆಂಟಿನೆಲ್-2 ಉಪಗ್ರಹದಲ್ಲಿ ಚೌಕ 10 ಮೀಟರ್, ಇಪ್ಪತ್ತು ಚೌಕ ಸಿಗುತ್ತವೆ. ಅಂಚಿನವುಗಳಲ್ಲಿ ರಸ್ತೆ, ತಾರಸಿ ಬೆರೆತಿರುವುದರಿಂದ ಅವನ್ನು ತೆಗೆದರೆ ಹತ್ತು ಹದಿನೈದು ಉಳಿಯುತ್ತವೆ. ಎರಡು ವರ್ಷಗಳನ್ನು ಹೋಲಿಸುವುದಾದರೆ ಒಂದೇ ತಿಂಗಳ ಚಿತ್ರ ತೆಗೆದುಕೊಳ್ಳಿ. ಎಲೆ ಉದುರುವ ಕಾಲದ ಚಿತ್ರವನ್ನು ಮಳೆ ಮುಗಿದ ಮೇಲಿನದಕ್ಕೆ ಹೋಲಿಸಿ 'ಹಸಿರು ಹೆಚ್ಚಿತು' ಎಂದು ಬರೆದ ವರದಿಗಳಿಗೆ ಬರವಿಲ್ಲ.

ಮರದ ಹೊದಿಕೆಗೆ ಬಿಂದು ವಿಧಾನ ಚೆನ್ನು. ಸ್ಪಷ್ಟವಾದ ವೈಮಾನಿಕ ಚಿತ್ರದ ಮೇಲೆ ಗೊತ್ತುಗುರಿಯಿಲ್ಲದೆ ಬಿಂದುಗಳನ್ನು ಚೆಲ್ಲಿ, ಪ್ರತಿ ಬಿಂದುವಿನಡಿ ಮರ, ಹುಲ್ಲು, ಮಣ್ಣು, ಕಾಂಕ್ರೀಟು ಎಂದು ಗುರುತಿಸುವುದು. ಐ-ಟ್ರೀ ಕ್ಯಾನೊಪಿ ಎಂಬ ಉಚಿತ ಸಲಕರಣೆ ಇದನ್ನೇ ಮಾಡಿಸುತ್ತದೆ. ಹೊದಿಕೆ 30% ಬಂದರೆ 100 ಬಿಂದುವಿಗೆ ಪ್ರಮಾಣ ದೋಷ (ಅಂಕಿ ಅತ್ತಿತ್ತ ತಪ್ಪಬಹುದಾದ ಅಂದಾಜು) 4.6%, 500 ಬಿಂದುವಿಗೆ 2%. 95% ಭರವಸೆ ಬೇಕೆಂದರೆ ಅದನ್ನು ಇಮ್ಮಡಿ ಮಾಡಿ. ಅಂದರೆ 100 ಬಿಂದುವಿನಲ್ಲಿ 26% ಮತ್ತು 33% ಬಂದ ಎರಡು ಪಾರ್ಕುಗಳಲ್ಲಿ ಯಾವುದು ಮೇಲು ಎಂದು ಹೇಳಲಾಗದು. ಕಟ್ಟಡದ ನೆರಳು ಬಿದ್ದ ಹುಲ್ಲನ್ನು ಮರವೆಂದು ಗುರುತಿಸುವುದು ಇಲ್ಲಿ ಸಾಮಾನ್ಯ ತಪ್ಪು.

ನಕ್ಷೆಗಾರ:

ತಲಾ 9 ಚದರ ಮೀಟರ್ ಹಸಿರು ಜಾಗ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಎಂದು ಎಲ್ಲ ಕಡೆ ಕಾಣುತ್ತದೆ. ಅದನ್ನು ಮಾನದಂಡವಾಗಿ ಇಟ್ಟುಕೊಳ್ಳಬಹುದೇ?

ಮೇಲ್ನೋಟ:

ಬೇಡ. ಆ ಅಂಕಿ ಒಂದು ವರದಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದದ್ದು. ಬೆನ್ನುಹತ್ತಿ ಹೋದರೆ ಕೈಗೆ ಸಿಗುವುದು ಮತ್ತೊಂದು ಉಲ್ಲೇಖವೇ. ಸಂಸ್ಥೆಯ ಯುರೋಪ್ ಕಚೇರಿ 2016 ಮತ್ತು 2017ರಲ್ಲಿ ಪ್ರಕಟಿಸಿದ್ದರಲ್ಲಿ ಇರುವುದು ದೂರದ ಮಾತು: ಕನಿಷ್ಠ 0.5ರಿಂದ 1 ಹೆಕ್ಟೇರಿನ ಹಸಿರು ಜಾಗ ಮನೆಯಿಂದ 300 ಮೀಟರ್ ನೇರ ದೂರದಲ್ಲಿ, ಸುಮಾರು 5 ನಿಮಿಷದ ನಡಿಗೆಯಲ್ಲಿ ಇರಬೇಕು. 2021ರಲ್ಲಿ ಕೊನಿನೆನ್‌ಡೈಕ್ ಮುಂದಿಟ್ಟ 3-30-300 ಸೂತ್ರದಲ್ಲೂ 300 ಅದೇ. 3 ಎಂದರೆ ಮನೆಯಿಂದ ಕಾಣುವ ಮರಗಳು, 30 ಎಂದರೆ ಬಡಾವಣೆಯ ಮರದ ಹೊದಿಕೆ ಶೇಕಡಾ. ತಲಾ ಲೆಕ್ಕದ ದೊಡ್ಡ ದೋಷವೆಂದರೆ ಊರಾಚೆ ಒಂದು ದೊಡ್ಡ ಕಾಡು ಸೇರಿಸಿಕೊಂಡರೆ ನಗರ ಪಾಸಾಗುತ್ತದೆ.

ಒಳದಾರಿ:

300 ಮೀಟರನ್ನು ಎಲ್ಲಿಂದ ಅಳೆಯುತ್ತೀರಿ ಎಂಬುದೂ ಮುಖ್ಯ. ಹತ್ತು ಎಕರೆಯ ಚೌಕ ಪಾರ್ಕಿನ ಒಂದು ಬದಿ ಸುಮಾರು 200 ಮೀಟರ್. ನಡುಬಿಂದುವಿನಿಂದ ವೃತ್ತ ಎಳೆದರೆ ಮೊದಲ 100 ಮೀಟರ್ ಪಾರ್ಕಿನೊಳಗೇ ಕಳೆದುಹೋಗುತ್ತದೆ. ಗಡಿಯಿಂದ ಎಳೆದರೆ ಗೇಟೇ ಇಲ್ಲದ ಗೋಡೆಯ ಆಚೆಗಿನ ಮನೆಗಳೂ 'ಹತ್ತಿರ' ಎಂದಾಗುತ್ತವೆ. ತೆರೆದಿರುವ ಗೇಟುಗಳನ್ನು ಗುರುತಿಸಿ, ಅಲ್ಲಿಂದ ಕಾಲುದಾರಿಯ ಜಾಲದ ಮೇಲೆ ಅಳೆಯಿರಿ. ನಕ್ಷೆಯಲ್ಲಿ ನಾಲ್ಕು ಗೇಟಿದ್ದು ಮೂರಕ್ಕೆ ಸರಪಳಿ ಬಿದ್ದಿರುವುದು ಹೋಗಿ ನೋಡದೆ ತಿಳಿಯದು. ಮಧ್ಯೆ ಆರು ಪಥದ ರಸ್ತೆಯಿದ್ದು ದಾಟುವ ವ್ಯವಸ್ಥೆ ಇಲ್ಲದಿದ್ದರೆ ಆ ಕೊಂಡಿಯನ್ನು ಜಾಲದಿಂದ ಕತ್ತರಿಸಿ. ತೆರೆದಿರುವ ಗಂಟೆಗಳನ್ನೂ ಬರೆದುಕೊಳ್ಳಿ, ಫಲಕದ ಮೇಲಿನ ವೇಳೆಯೊಂದು, ಬೀಗ ತೆಗೆಯುವ ವೇಳೆಯೊಂದು.

ಗಾಲಿದಾರಿ:

ಗೇಟಿನ ಮಾತು ಬಂದದ್ದು ಒಳ್ಳೆಯದಾಯಿತು. 'ಅಂಗವಿಕಲರಿಗೆ ಅನುಕೂಲ: ಇದೆ' ಎಂಬ ಒಂದು ಸಾಲು ದಯವಿಟ್ಟು ನಮೂನೆಯಿಂದ ತೆಗೆಯಿರಿ. ಬೇಕಾದ ಸಾಮಾನು ಒಂದು ಟೇಪು, 600 ಮಿ.ಮೀ. ಉದ್ದದ ರಸಮಟ್ಟ, ಒಂದು ಸಣ್ಣ ಸ್ಕೇಲು.

ಇಳಿಜಾರು ಅಳೆಯಲು ರಸಮಟ್ಟದ ಒಂದು ತುದಿಯನ್ನು ಎತ್ತರದ ಕಡೆ ನೆಲಕ್ಕಿಟ್ಟು, ಗುಳ್ಳೆ ನಡುವೆ ಬರುವವರೆಗೆ ಇನ್ನೊಂದು ತುದಿಯನ್ನು ಎತ್ತಿ. ಎತ್ತಿದ ತುದಿಯ ಕೆಳಗಿನ ಸಂದು 30 ಮಿ.ಮೀ. ಆದರೆ 1:20, ಅಂದರೆ 5%; 50 ಮಿ.ಮೀ. ಆದರೆ 1:12. ನಡಿಗೆ ಹಾದಿ 1:20ರೊಳಗೆ ಇರಬೇಕು, ಅದಕ್ಕಿಂತ ಕಡಿದಾದರೆ ರ್‍ಯಾಂಪು ಎಂದೇ ಲೆಕ್ಕ: ಕೈಹಿಡಿಯುವ ಕಂಬಿ, ವಿಶ್ರಾಂತಿ ಹಂತ ಬೇಕು. 1:12 ದಾಟಿದರೆ ತಾನೇ ಗಾಲಿಕುರ್ಚಿ ತಳ್ಳಿಕೊಳ್ಳುವವರು ಹತ್ತಲಾರರು. ಅಡ್ಡ ಇಳಿಜಾರಿಗೆ ಅದೇ ರಸಮಟ್ಟ ಹಾದಿಗೆ ಅಡ್ಡಲಾಗಿ. ಸಂದು 12 ಮಿ.ಮೀ. ಮೀರಬಾರದು, ಅಂದರೆ 2%. ಫೋನಿನ ಆ್ಯಪಿನಲ್ಲಿ ಅಳೆದರೆ ಅದು ಡಿಗ್ರಿಯೋ ಶೇಕಡಾವೋ ನೋಡಿಕೊಳ್ಳಿ. 1:12 ಎಂದರೆ 4.8 ಡಿಗ್ರಿ, 8.3%. ಡಿಗ್ರಿಯನ್ನು ಶೇಕಡಾ ಕಾಲಮಿನಲ್ಲಿ ಬರೆದರೆ ಹತ್ತಲಾಗದ ರ್‍ಯಾಂಪು ಪಾಸಾಗಿಬಿಡುತ್ತದೆ.

ಗೇಟಿನ ಅಗಲವನ್ನು ಬಾಗಿಲು ತೆರೆದು, ಬಾಗಿಲಿನ ಅಂಚಿನಿಂದ ಎದುರು ಕಂಬದವರೆಗೆ ಅಳೆಯಿರಿ, ಕಂಬದಿಂದ ಕಂಬಕ್ಕೆ ಅಲ್ಲ. 900 ಮಿ.ಮೀ. ಸಿಗಬೇಕು. ಬೈಕು ನುಗ್ಗದಂತೆ ಹಾಕುವ ತಿರುಗುಗೇಟು, ಅಂಕುಡೊಂಕು ಕಂಬಿಗಳು ಗಾಲಿಕುರ್ಚಿಯನ್ನೂ ಮಗುವಿನ ತಳ್ಳುಗಾಡಿಯನ್ನೂ ಅಲ್ಲೇ ನಿಲ್ಲಿಸುತ್ತವೆ, ಬೈಕು ಮಾತ್ರ ಹೇಗೋ ನುಸುಳುತ್ತದೆ. ಹೊಸ್ತಿಲಿನ ಏರು 6 ಮಿ.ಮೀ.ವರೆಗೆ ನಡೆಯುತ್ತದೆ, 6ರಿಂದ 13ರವರೆಗೆ ಅಂಚು ಓರೆಯಾಗಿರಬೇಕು, 13 ಮೀರಿದರೆ ರ್‍ಯಾಂಪು ಬೇಕು. ಬೆಂಚಿನ ಕೂರುವ ಎತ್ತರ 450 ಮಿ.ಮೀ. ಆಸುಪಾಸು, ಎದ್ದೇಳಲು ಕೈಯಾಸರೆ, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು 900 ಮಿ.ಮೀ. ಜಾಗ, ಬೆಂಚಿನಿಂದ ಬೆಂಚಿಗೆ 50 ಮೀಟರ್ ಮೀರದಿದ್ದರೆ ಹಿರಿಯರು ಹಾದಿ ಪೂರೈಸುತ್ತಾರೆ.

ಇದಕ್ಕೆ ಸರಾಸರಿ ತೆಗೆಯುವಂತಿಲ್ಲ. ಬಸ್ ನಿಲ್ದಾಣದಿಂದ ಗೇಟು, ಗೇಟಿನಿಂದ ಬೆಂಚು, ಬೆಂಚಿನಿಂದ ಶೌಚಾಲಯ, ಈ ದಾರಿಯಲ್ಲಿ ಅತಿ ಕೆಟ್ಟ ಬಿಂದು ಯಾವುದೋ ಅದೇ ದಾರಿಯ ಅಂಕ.

ಜಾರುಬಂಡಿ:

ಆಟದ ಸಲಕರಣೆಗಳಿಗೆ ಬೇರೆ ಹಾಳೆ ಬೇಕು. ಇಲ್ಲಿ ಸ್ವಯಂಸೇವಕರು ದೋಷ ಮಾತ್ರ ಬರೆಯಲಿ. 'ಸುರಕ್ಷಿತ' ಎಂಬ ಮಾತು ವರದಿಯಲ್ಲಿ ಬರಬಾರದು, ಅದನ್ನು ಹೇಳಲು ತರಬೇತಾದ ಪರಿಶೀಲಕರು ಬೇಕು.

ಮೊದಲು ನೆಲ. ಕಾಂಕ್ರೀಟು, ಇಂಟರ್‌ಲಾಕ್ ಇಟ್ಟಿಗೆ, ಗಟ್ಟಿಮಣ್ಣು, ಹುಲ್ಲು ಯಾವುದೂ ಬೀಳುವ ಮಗುವನ್ನು ಕಾಯುವ ನೆಲವಲ್ಲ. ಮರಳು 23 ಸೆಂ.ಮೀ. ಇದ್ದರೆ ಸುಮಾರು 1.2 ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಾಕು. ಮರದ ಚೂರು ಅಷ್ಟೇ ದಪ್ಪ ಇದ್ದರೆ ಸುಮಾರು 3 ಮೀಟರಿಗೆ. 23 ಉಳಿಯಬೇಕೆಂದರೆ 30 ಸೆಂ.ಮೀ. ತುಂಬಿಸಬೇಕು, ಕೂತು ಇಳಿಯುತ್ತದೆ. ಆಳವನ್ನು ಅಂಚಿನಲ್ಲಿ ಅಳೆಯಬೇಡಿ. ಉಯ್ಯಾಲೆಯ ಕೆಳಗೆ, ಜಾರುಬಂಡಿಯ ಬಾಯಿಯಲ್ಲಿ ಕಾಲೊದೆತಕ್ಕೆ ಚದುರಿ ಹೋಗಿರುತ್ತದೆ, ಅಲ್ಲಿ ಕಡ್ಡಿ ಚುಚ್ಚಿ ನೋಡಿ. ಸಲಕರಣೆಯ ಸುತ್ತ 1.8 ಮೀಟರ್ ಖಾಲಿ ಇರಬೇಕು. ಉಯ್ಯಾಲೆಗೆ ಹಿಂದೆ ಮುಂದೆ ಎರಡೂ ಕಡೆ, ತೂಗುಹಾಕಿದ ಬಿಂದುವಿನ ಎತ್ತರದ ಎರಡರಷ್ಟು. ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸಿದ ಉಯ್ಯಾಲೆ ಎಷ್ಟು ಹೊಸದಾಗಿದ್ದರೂ 0.

ತಲೆ ಸಿಕ್ಕಿಕೊಳ್ಳುವ ಸಂದು: 89 ಮಿ.ಮೀ.ಗಿಂತ ದೊಡ್ಡದಾಗಿದ್ದು 230ಕ್ಕಿಂತ ಚಿಕ್ಕದಾಗಿದ್ದರೆ ಅಪಾಯ. ಮೈ ಕಾಲಿನ ಕಡೆಯಿಂದ ತೂರುತ್ತದೆ, ತಲೆ ತೂರುವುದಿಲ್ಲ, ಮಗು ನೇತಾಡುತ್ತದೆ. ಹಲಗೆಯಲ್ಲಿ ಎರಡು ಅಳತೆತುಂಡು ಕತ್ತರಿಸಿಟ್ಟುಕೊಂಡರೆ ಟೇಪು ಬೇಡ. ಉಯ್ಯಾಲೆ ಸರಪಳಿಯ ಕೊಂಡಿಯ ಬಾಯಿ 1 ಮಿ.ಮೀ.ಗಿಂತ ತೆರೆದಿರಬಾರದು, ಬಟ್ಟೆಯ ದಾರ ಸಿಕ್ಕಿಕೊಳ್ಳುತ್ತದೆ. ಕಂಬದ ತುಕ್ಕು ನೋಡಲು ಮಣ್ಣಿಗೆ ಸೇರುವ ಜಾಗದಲ್ಲಿ ಎರಡು ಬೆರಳು ಮಣ್ಣು ಸರಿಸಿ ಸ್ಕ್ರೂಡ್ರೈವರಿನಿಂದ ಒತ್ತಿ. ಮೇಲೆ ಹೊಸ ಬಣ್ಣ, ಕೆಳಗೆ ಪೊಳ್ಳು ಎಂಬುದು ಸಾಮಾನ್ಯ.

ಬೇರುಬುಡ:

ಮರ ಎಷ್ಟಿವೆ ಎನ್ನುವುದಕ್ಕಿಂತ ಎಷ್ಟು ಉಳಿಯುತ್ತವೆ ಎಂದು ನೋಡಿ. ಕಾಂಡದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ವ್ಯಾಸದ 12 ಪಟ್ಟು ತ್ರಿಜ್ಯದ ವೃತ್ತವನ್ನು ಬೇರಿನ ರಕ್ಷಣಾ ವಲಯ ಎಂದು ಹಿಡಿಯುವ ರೂಢಿಯಿದೆ. ಸುತ್ತಳತೆ 126 ಸೆಂ.ಮೀ. ಇದ್ದರೆ ವ್ಯಾಸ 40, ತ್ರಿಜ್ಯ 4.8 ಮೀಟರ್. ಆ ವೃತ್ತದಲ್ಲಿ ಎಷ್ಟು ಪಾಲು ಕಾಂಕ್ರೀಟು, ಇಟ್ಟಿಗೆ ಮುಚ್ಚಿದೆ ಎಂದು ಅಂದಾಜಿಸಿ ಬರೆಯಿರಿ. ಕಾಂಡ ನೆಲ ಸೇರುವಲ್ಲಿ ಅಗಲವಾಗಿ ಹರಡಿರಬೇಕು. ನೆಟ್ಟ ಕಂಬದ ಥರ ನೇರವಾಗಿ ಮಣ್ಣಿಗಿಳಿದಿದ್ದರೆ ಬುಡಕ್ಕೆ ಮಣ್ಣು ಏರಿಸಿದ್ದಾರೆ ಎಂದರ್ಥ, ತೊಗಟೆ ಕೊಳೆಯುತ್ತದೆ. ಬುಡದಲ್ಲಿ ತಟ್ಟೆಯಂಥ ಅಣಬೆ, ಕಾಂಡಕ್ಕೆ ಕಚ್ಚಿದ ತಂತಿ, ದೀಪದ ಮೊಳೆ, ಇವಕ್ಕೊಂದು ಕಾಲಂ.

ಜಾತಿ ವೈವಿಧ್ಯಕ್ಕೆ 1990ರ ಸಂಟಾಮೂರ್ ಸೂತ್ರ ಸಾಕು: ಒಂದೇ ಪ್ರಭೇದ 10%, ಒಂದೇ ಕುಲ 20%, ಒಂದೇ ಕುಟುಂಬ 30% ಮೀರಬಾರದು. ಇದನ್ನು ಅರ್ಧ ಎಕರೆಯ ಪಾರ್ಕಿಗೆ ಹಚ್ಚಬೇಡಿ, ಹನ್ನೆರಡು ಮರಗಳಿಗೆ ಶೇಕಡಾ ಲೆಕ್ಕವಿಲ್ಲ. 24ನ್ನೂ ಒಟ್ಟಿಗೆ ಸೇರಿಸಿ ನೋಡಿ.

ಮಣ್ಣು ಬಿಗಿದಿದೆಯೇ ಎಂದು ತಿಳಿಯಲು ಮಣ್ಣಿಗೆ ಕಡ್ಡಿ ಚುಚ್ಚಿ ಒತ್ತಡ ಅಳೆಯುವ ಪೆನೆಟ್ರೊಮೀಟರ್ ಇದ್ದರೆ ಒಳ್ಳೆಯದು. 2 ಮೆಗಾಪಾಸ್ಕಲ್ ದಾಟಿದರೆ ಬೇರು ಇಳಿಯಲು ಕಷ್ಟ. ಒಣಮಣ್ಣು ಎಲ್ಲ ಕಡೆ ಗಟ್ಟಿಯೇ ತೋರುತ್ತದೆ, ಆದ್ದರಿಂದ ಎಲ್ಲ ಪಾರ್ಕುಗಳನ್ನೂ ಮಳೆಯಾದ ಒಂದೆರಡು ದಿನದೊಳಗೆ ಅಳೆಯಿರಿ. ಮಳೆ ನಿಂತ 24 ಗಂಟೆಗೊಮ್ಮೆ, 72 ಗಂಟೆಗೊಮ್ಮೆ ನೀರು ನಿಂತ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ವಾರ ನಿಂತರೆ ಸೊಳ್ಳೆಯ ಒಂದು ತಲೆಮಾರು ಎದ್ದುಹೋಗುವಷ್ಟು ಕಾಲ.

ಒಂದು ತಕರಾರು: 'ಸ್ವಚ್ಛತೆ'ಯಲ್ಲಿ ಉದುರಿದ ಎಲೆಯನ್ನು ಕಸವೆಂದು ಎಣಿಸಬೇಡಿ. ಹಾಗೆ ಎಣಿಸಿದರೆ ಎಲೆ ಗುಡಿಸಿ ಸುಡುವ ಪಾರ್ಕಿಗೆ ಹೆಚ್ಚು ಅಂಕ, ಮರದಡಿ ಎಲೆ ಬಿಟ್ಟು ಮಣ್ಣು ಕಾಯುವ ಪಾರ್ಕಿಗೆ ಕಡಿಮೆ.

ರಸಮಟ್ಟ:

ಹಾದಿಯ ಮೇಲಿನ ಎಲೆ ಜಾರಿಸುತ್ತದೆ, ಚರಂಡಿ ಬಾಯಿ ಕಟ್ಟುತ್ತದೆ. ಅದನ್ನು ಬಿಡಲಾಗದು.

ಬೇರುಬುಡ:

ಸರಿ. ಹಾದಿ, ಚರಂಡಿ ಮೇಲಿನದು ನಿರ್ವಹಣೆ ದೋಷ, ಪಾತಿಯೊಳಗಿನದು ಗೊಬ್ಬರ. ನಮೂನೆಯಲ್ಲಿ ಹಾಗೆಯೇ ಬರೆದುಬಿಡಿ.

ಬಿಸಿಲುಮಾಪಿ:

ನೆರಳು, ಬೆಳಕು, ಸದ್ದು ಮೂರಕ್ಕೂ ಚುಟುಕಾಗಿ.

ನೆರಳನ್ನು ಬೇಸಿಗೆಯ ತಿಂಗಳಲ್ಲಿ ಮಧ್ಯಾಹ್ನ 12ಕ್ಕೊಮ್ಮೆ, 3ಕ್ಕೊಮ್ಮೆ ನೋಡಿ: ಬೆಂಚುಗಳಲ್ಲಿ ಎಷ್ಟಕ್ಕೆ, ಆಟದ ಜಾಗದಲ್ಲಿ ಎಷ್ಟು ಪಾಲಿಗೆ ನೆರಳಿದೆ. ಹೊದಿಕೆ 40% ಇದ್ದು ಬೆಂಚುಗಳೆಲ್ಲ ಬಿಸಿಲಲ್ಲಿರುವುದು ಅಪರೂಪವೇನಲ್ಲ. ಮೇಲ್ಮೈ ಬಿಸಿಗೆ ಅವಕೆಂಪು ಥರ್ಮಾಮೀಟರ್ ಬಳಸುವುದಾದರೆ 12:1 ಎಂದು ಬರೆದಿರುವುದನ್ನು ಓದಿ, 1.2 ಮೀಟರ್ ದೂರದಿಂದ ಅದು 10 ಸೆಂ.ಮೀ. ವೃತ್ತ ನೋಡುತ್ತದೆ. ಉತ್ಸರ್ಜನಾಂಕವನ್ನು (ಮೇಲ್ಮೈ ಎಷ್ಟು ಶಾಖ ಹೊರಸೂಸುತ್ತದೆ ಎಂಬ ಅಂಕಿ) ಸಾಮಾನ್ಯವಾಗಿ 0.95ಕ್ಕೆ ಹೊಂದಿಸಿರುತ್ತಾರೆ. ಕಾಂಕ್ರೀಟು, ರಬ್ಬರು, ಮಣ್ಣಿಗೆ ಸರಿ. ಹೊಳೆಯುವ ಸ್ಟೀಲ್ ಜಾರುಬಂಡಿಗೆ ತಪ್ಪು, ಕೈ ಸುಡುವಷ್ಟಿದ್ದರೂ ಕಡಿಮೆ ತೋರಿಸುತ್ತದೆ. ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿ, ಟೇಪನ್ನು ಅಳೆಯಿರಿ.

ಬೆಳಕನ್ನು ಎರಡು ಕಂಬಗಳ ನಡುವೆ 5 ಮೀಟರಿಗೊಮ್ಮೆ ನೆಲದ ಮೇಲೆ ಲಕ್ಸ್ ಮೀಟರಿಟ್ಟು ಅಳೆಯಿರಿ. ಸರಾಸರಿಯ ಜೊತೆ ಕನಿಷ್ಠವನ್ನೂ ಬರೆಯಿರಿ. 1.5 ಮೀಟರ್ ಎತ್ತರದಲ್ಲಿ ಮೀಟರನ್ನು ನೆಟ್ಟಗೆ ಹಿಡಿದು ಇನ್ನೊಮ್ಮೆ. ಎದುರು ಬರುವವರ ಮುಖ ಕಾಣುತ್ತದೆಯೇ ಎಂಬುದಕ್ಕೆ ಅದು ಉತ್ತರ. ಕಂಬಕ್ಕಿಂತ ಕೆಳಗೆ ಬೆಳೆದ ಕೊಂಬೆ ಬೆಳಕು ನುಂಗಿದ್ದರೆ ಅದು ದೀಪದ ದೋಷವಲ್ಲ, ಬೇರೆಯಾಗಿ ಬರೆಯಿರಿ.

ಸದ್ದಿಗೆ ಫೋನಿನ ಆ್ಯಪು ಹೋಲಿಕೆಗಷ್ಟೇ, ಎಲ್ಲ ಪಾರ್ಕಿಗೂ ಒಂದೇ ಫೋನು. ಡೆಸಿಬೆಲ್ಲುಗಳನ್ನು ಮಾಮೂಲಿ ಸರಾಸರಿ ಮಾಡಬೇಡಿ. 50 ಮತ್ತು 70ರ ಶಕ್ತಿ ಸರಾಸರಿ 60 ಅಲ್ಲ, 67.

ಕೂಡುಲೆಕ್ಕ:

ಈಗ ಒಂದೇ ಅಂಕದ ಪ್ರಶ್ನೆ. ಮೇಲಿನದೆಲ್ಲ ಓದಿದ ಮೇಲೂ 'ಕೂಡಿ ಭಾಗಿಸು' ಎಂದರೆ ಇಷ್ಟು ಅಳೆದದ್ದು ದಂಡ. ಐದು ವಿಭಾಗಗಳಲ್ಲಿ ಹತ್ತಕ್ಕೆ 9, 9, 9, 9, 1 ಬಂದರೆ ಮಾಮೂಲಿ ಸರಾಸರಿ 7.4. ಆ 1 ಎಂಬುದು ಆಟದ ಸಲಕರಣೆಯ ಸುರಕ್ಷೆಯಾದರೆ? ಐದನ್ನೂ ಗುಣಿಸಿ ಐದನೆಯ ಮೂಲ ತೆಗೆದರೆ 5.8 ಬರುತ್ತದೆ, ಒಂದು ವಿಭಾಗದ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುವುದು ಕಡಿಮೆಯಾಗುತ್ತದೆ. ಮಾನವ ಅಭಿವೃದ್ಧಿ ಸೂಚ್ಯಂಕ 2010ರಿಂದ ಗುಣೋತ್ತರ ಸರಾಸರಿಗೆ ಬದಲಾದದ್ದೂ ಇದೇ ತರ್ಕದಿಂದ. ಒಂದು ವಿಭಾಗಕ್ಕೆ 0 ಬಂದರೆ ಮಾತ್ರ ಒಟ್ಟೂ 0 ಆಗಿಬಿಡುತ್ತದೆ, ವಿಭಾಗದ ಅಂಕವನ್ನು 1ರಿಂದ ಶುರುಮಾಡಿ.

ಇನ್ನೊಂದು ದಾರಿ ತಡೆಗಂಬ, ಅಂದರೆ ದಾಟದಿದ್ದರೆ ಒಟ್ಟು ಅಂಕ ಎಷ್ಟಿದ್ದರೂ ಪಾಸಾಗದಂಥ ಮಿತಿ. ಬ್ರಿಟನ್ನಿನಲ್ಲಿ ಶುರುವಾದ ಗ್ರೀನ್ ಫ್ಲ್ಯಾಗ್ ಪ್ರಶಸ್ತಿಯಲ್ಲಿ ನಿರ್ವಹಣಾ ಯೋಜನೆಯ ಕಡತಕ್ಕೆ 30, ಸ್ಥಳ ಪರಿಶೀಲನೆಗೆ 70 ಅಂಕ. ಒಟ್ಟು 66 ಬರಬೇಕು, ಜೊತೆಗೆ ಕಡತದಲ್ಲಿ ಕನಿಷ್ಠ 15, ಸ್ಥಳದಲ್ಲಿ ಕನಿಷ್ಠ 42 ಬಂದಿರಬೇಕು. ಕಡತ ಚೆಂದ ಬರೆದು ಪಾರ್ಕನ್ನು ಹಾಳುಬಿಟ್ಟವರು ಪಾಸಾಗುವುದಿಲ್ಲ. ನಿಮ್ಮಲ್ಲಿ ತಡೆಗಂಬ ನಾಲ್ಕೈದು ಸಾಕು: ತೆರೆದ ವಿದ್ಯುತ್ ತಂತಿ, ತಲೆ ಸಿಕ್ಕುವ ಸಂದು, ಗಾಲಿಕುರ್ಚಿ ಒಳಬರುವ ಒಂದು ಗೇಟೂ ಇಲ್ಲದಿರುವುದು, ಮುಚ್ಚಳವಿಲ್ಲದ ಗುಂಡಿ. ಇವುಗಳಲ್ಲಿ ಒಂದಿದ್ದರೂ ಅಂಕ ತಡೆಹಿಡಿದು 'ದುರಸ್ತಿ ಬಾಕಿ' ಎಂದು ಬರೆಯಿರಿ.

ತೂಕ ಹಂಚುವುದು ಅಭಿಪ್ರಾಯವೇ ಹೊರತು ವಿಜ್ಞಾನವಲ್ಲ, ಅದನ್ನು ಬಚ್ಚಿಡಬೇಡಿ. ಪ್ರತಿ ತೂಕವನ್ನೂ ಕಾಲು ಪಾಲು ಏರಿಸಿ ಇಳಿಸಿ ಶ್ರೇಯಾಂಕ ಮತ್ತೆ ತೆಗೆಯಿರಿ. 5ನೆಯ ಪಾರ್ಕು ಒಮ್ಮೆ 3, ಒಮ್ಮೆ 11 ಆಗುತ್ತಿದ್ದರೆ ಶ್ರೇಯಾಂಕ ಪ್ರಕಟಿಸಬೇಡಿ; ವಿಭಾಗವಾರು ಅಂಕಗಳನ್ನಷ್ಟೇ ಕೊಡಿ.

ಎಣಿಕೆಪುಸ್ತಕ:

ಅದಕ್ಕೂ ಮೊದಲು ಅಳೆಯುವವರನ್ನು ಅಳೆಯಬೇಕು. ಮೂರು ಪಾರ್ಕುಗಳಲ್ಲಿ ಇಬ್ಬರು ಒಂದೇ ದಿನ, ಮಾತಾಡಿಕೊಳ್ಳದೆ ನಮೂನೆ ತುಂಬಲಿ. 'ಎಷ್ಟು ಪ್ರತಿಶತ ಒಂದೇ ಉತ್ತರ' ಎಂಬುದನ್ನು ನಂಬಬೇಡಿ. 50 ಪ್ರಶ್ನೆಗಳಲ್ಲಿ 45ಕ್ಕೆ ಇಬ್ಬರೂ 'ಇದೆ', 1ಕ್ಕೆ ಇಬ್ಬರೂ 'ಇಲ್ಲ', ಉಳಿದ ನಾಲ್ಕರಲ್ಲಿ ಎರಡೆರಡು ಅತ್ತಿತ್ತ ಎಂದುಕೊಳ್ಳಿ. ಹೊಂದಾಣಿಕೆ 92%. ಆದರೆ ಇಬ್ಬರೂ ಕಣ್ಣುಮುಚ್ಚಿ ಬಹುತೇಕ 'ಇದೆ' ಹಾಕಿದ್ದರೂ ಆಕಸ್ಮಿಕವಾಗಿ 88.7% ಹೊಂದುತ್ತಿತ್ತು. ಈ ಆಕಸ್ಮಿಕ ಪಾಲನ್ನು ಕಳೆದು ಉಳಿದ ಹೊಂದಾಣಿಕೆ ಅಳೆಯುವ ಕೋಹೆನ್ ಕಪ್ಪಾ ಲೆಕ್ಕ ಹಾಕಿದರೆ 0.29. ಲ್ಯಾಂಡಿಸ್ ಮತ್ತು ಕೋಕ್ 1977ರಲ್ಲಿ ಕೊಟ್ಟ ಪಟ್ಟಿಯಂತೆ 0.61 ಮೇಲಿದ್ದರೆ ಗಟ್ಟಿ ಹೊಂದಾಣಿಕೆ. 0ರಿಂದ 3ರ ಅಂಕಗಳಿಗೆ ತೂಕದ ಕಪ್ಪಾ ಬಳಸಿ, 2 ಮತ್ತು 3ರ ವ್ಯತ್ಯಾಸ 0 ಮತ್ತು 3ರಷ್ಟು ದೊಡ್ಡದಲ್ಲ. ಹೆಚ್ಚುಕಡಿಮೆ ಎಲ್ಲ ಪಾರ್ಕಿನಲ್ಲೂ ಇರುವ ವಸ್ತುಗಳಿಗೆ ಕಪ್ಪಾ ಸುಮ್ಮನೆ ಕುಸಿಯುತ್ತದೆ, ಆದ್ದರಿಂದ ಎರಡೂ ಅಂಕಿ ಪಕ್ಕಪಕ್ಕ ಕೊಡಿ.

ಕಪ್ಪಾ ಕಡಿಮೆ ಬಂದ ಪ್ರಶ್ನೆಗಳು ಸಾಮಾನ್ಯವಾಗಿ 'ಸುಂದರ', 'ಆಕರ್ಷಕ', 'ಸುರಕ್ಷಿತ ಅನಿಸುತ್ತದೆ' ಎಂಬಂಥವು. ಗುರುತು ಬದಲಿಸಿ ಇನ್ನೊಮ್ಮೆ ನೋಡಿ, ಆಗಲೂ ಏರದಿದ್ದರೆ ಕೈಬಿಡಿ.

ನಕ್ಷೆಗಾರ:

ನಮೂನೆಯನ್ನು ನಾಲ್ಕು ಹಾಳೆಯಾಗಿ ಒಡೆಯುತ್ತೇವೆ: ವಸ್ತು ಮತ್ತು ಸ್ಥಿತಿ, ದಾರಿ ಮತ್ತು ಗೇಟು, ಆಟದ ಸಲಕರಣೆ, ಮರ ಮತ್ತು ಮಣ್ಣು. ಜನರ ಎಣಿಕೆ ಪ್ರತ್ಯೇಕ. ಮೊದಲು ಮೂರು ಪಾರ್ಕಿನಲ್ಲಿ ಜೋಡಿ ಪರೀಕ್ಷೆ. ಉಳಿದದ್ದು ಎರಡೇ ಪ್ರಶ್ನೆ: ಹೋಗುವ ದಿನ ಮುಂಚೆ ತಿಳಿಸಬೇಕೇ? ಫೋಟೊ ಎಷ್ಟು ಬೇಕು?

ರಸಮಟ್ಟ:

ಅನುಮತಿ ಬೇಕಾದರೆ ಇಡೀ ತಿಂಗಳಿಗೆ ಒಮ್ಮೆಗೇ ಪಡೆಯಿರಿ, ದಿನ ಹೇಳಬೇಡಿ. ದಿನ ಗೊತ್ತಾದರೆ ಹಿಂದಿನ ಸಂಜೆ ಸುಣ್ಣ ಬಳಿದು ಗುಡಿಸಿರುತ್ತಾರೆ, ನೀವು ಅಳೆಯುವುದು ಆ ಸಂಜೆಯನ್ನು.

ಫೋಟೊ, 0 ಮತ್ತು 1 ಬಂದ ಪ್ರತಿ ವಸ್ತುವಿಗೂ ಎರಡು: ಒಂದು ಹತ್ತಿರದಿಂದ ಸ್ಕೇಲು ಪಕ್ಕಕ್ಕಿಟ್ಟು, ಇನ್ನೊಂದು ದೂರದಿಂದ ಜಾಗ ಗುರುತು ಸಿಗುವಂತೆ. ಮಕ್ಕಳ ಮುಖ ಬರದಂತೆ ತೆಗೆಯಿರಿ. ಕಡತದ ಹೆಸರು ಪಾರ್ಕಿನ ಸಂಖ್ಯೆ, ವಲಯ, ಪ್ರಶ್ನೆ ಸಂಖ್ಯೆ, ದಿನಾಂಕ ಈ ಕ್ರಮದಲ್ಲಿರಲಿ, ಉದಾಹರಣೆಗೆ 07-2-31 ಮುಂದೆ ದಿನಾಂಕ. ಮುಂದಿನ ವರ್ಷ ಅದೇ ಕೋನದಿಂದ ಮತ್ತೆ ತೆಗೆಯಬಹುದು.

ಜಾರುಬಂಡಿ:

ತಡೆಗಂಬದ ದೋಷ ಕಂಡರೆ ವರದಿಗೆ ಕಾಯಬೇಡಿ. ಅದೇ ದಿನ ನಿರ್ವಹಣೆಯವರಿಗೆ ಫೋಟೊ ಸಮೇತ ಬರೆದು ತಿಳಿಸಿ, ತಿಳಿಸಿದ ದಿನಾಂಕ ಹಾಳೆಯಲ್ಲಿರಲಿ. ಎರಡು ವಾರ ಬಿಟ್ಟು ಆ ಒಂದನ್ನು ಮಾತ್ರ ನೋಡಲು ಮತ್ತೆ ಹೋಗಿ. ಸರಿಯಾಗಿದ್ದರೂ ಮೊದಲ ಅಂಕವನ್ನು ತಿದ್ದಬೇಡಿ, ಪಕ್ಕದಲ್ಲಿ ಹೊಸದನ್ನು ಬರೆಯಿರಿ.